ತೊರ್ರೆಹೋನ್‌ನಿಂದ ಅಲ್ಕಲಾಗೆ ಹೊರಟ ಮಗಳಿಗೆ

ಪ್ರೀತಿಯ ಮಗಳೇ,

ಎದುರುಬದುರು ಕೂತರೆ ಇಬ್ಬರ ದನಿಯೂ ಏರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಅಪ್ಪನ ಕೆಲಸದ ಕರಾರು ಮುಗಿದು ನಾವು ನವೆಂಬರ್ ಕೊನೆಗೆ ಧಾರವಾಡಕ್ಕೆ ಹೊರಡುವುದು, ನೀನು ಇಲ್ಲೇ ಸ್ಪೇನಿನಲ್ಲಿ ಉಳಿಯುವುದು, ಎಲ್ಲ ಮಾತಾಡಿ ಮುಗಿದಿದೆ. ಅಲ್ಕಲಾದಲ್ಲಿ ನೀನು ಹಿಡಿದ ಹಳೆಯ ಪಿಸೊ, ಅಂದರೆ ಫ್ಲಾಟಿನ ಬಗ್ಗೆಯೂ ನನ್ನ ತಕರಾರಿಲ್ಲ. ನಿನ್ನ ಸಂಬಳಕ್ಕೆ ಹೊಂದುವ ಬಾಡಿಗೆ ಅದು. ಆದರೆ ಆ ಮನೆಯ ಫೋಟೋದಲ್ಲಿ, ಅಡುಗೆಮನೆಯ ಮೂಲೆಯಲ್ಲಿ, ಕಿತ್ತಳೆ ಬಣ್ಣದ ಗ್ಯಾಸ್ ಸಿಲಿಂಡರ್, ಇಲ್ಲಿಯವರ ಬೊಂಬೊನ, ಕಂಡಿತು. ಅದೇ ಸಂಜೆ ನೀನು, "ಇನ್ನು ಮೇಲೆ ಚರ್ಚಿನ ಆರಾಧನೆ ಫೋನಿನಲ್ಲೇ ನೋಡ್ಕೋತೀನಿ" ಅಂದೆ. ಅವತ್ತಿನಿಂದ ಈ ಎರಡೂ ನನ್ನ ತಲೆಯಲ್ಲಿ ಗಂಟುಬಿದ್ದು ಕೂತಿವೆ.

ಗ್ಯಾಸಿನದು ಮೊದಲು. ಇಲ್ಲಿ ನಮ್ಮ ಕಟ್ಟಡಕ್ಕೆಲ್ಲ ಒಂದೇ ಬಾಯ್ಲರ್, ರೇಡಿಯೇಟರ್ ತಾನಾಗಿ ಬಿಸಿಯಾಗುತ್ತದೆ. ಚಳಿಗಾಲದಲ್ಲಿ ಬೆಂಕಿಯನ್ನು ಮನೆಯೊಳಗೆ ಇಟ್ಟುಕೊಂಡು ಇರುವುದು ನಿನಗೆ ಹೊಸತು. ಬೊಂಬೊನದಲ್ಲಿ 12.5 ಕಿಲೋ ಬ್ಯೂಟೇನ್ ಇರುತ್ತದೆ. ಉಕ್ಕಿನ ತೂಕ ಸೇರಿದರೆ ಸುಮಾರು ಅದರ ಎರಡರಷ್ಟು. ನೀನು ಎತ್ತಬೇಡ, ತರುವವನಿಂದಲೇ ಒಳಗೆ ಇಡಿಸಿಕೋ. ಸದಾ ನೆಟ್ಟಗೆ ನಿಂತಿರಬೇಕು. ಮಲಗಿಸಿದರೆ ದ್ರವವೇ ರೆಗ್ಯುಲೇಟರಿಗೆ ನುಗ್ಗುತ್ತದೆ. ಒಲೆಗೆ ಹೋಗುವ ರಬ್ಬರ್ ಕೊಳವೆಯ ಮೇಲೆ ಅವಧಿ ಮುಗಿಯುವ ವರ್ಷ ಅಚ್ಚಾಗಿರುತ್ತದೆ, ಕೀಲಿಕೈ ಇಸಿದುಕೊಳ್ಳುವ ದಿನವೇ ಅದನ್ನು ಓದು. ವರ್ಷ ದಾಟಿದ್ದರೆ ಮನೆಯೊಡೆಯರಿಗೆ ಆಗಲೇ ಹೇಳು. ಸಿಲಿಂಡರ್ ಬದಲಿಸಿದಾಗಲೆಲ್ಲ ಜೋಡಣೆಗೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡು. ಕಡ್ಡಿ ಗೀರಿ ನೋಡುವವರು ಈ ದೇಶದಲ್ಲೂ ಇದ್ದಾರೆ.

ಊರಿನಲ್ಲಿ ನೀನು ಕಂಡ 14.2 ಕಿಲೋದ ಸಿಲಿಂಡರಿಗೂ ಇದಕ್ಕೂ ಒಂದು ವ್ಯತ್ಯಾಸ ಇದೆ: ಅದರಲ್ಲಿ ಪ್ರೊಪೇನೂ ಬೆರೆತಿರುತ್ತದೆ, ಇದರಲ್ಲಿ ಬಹುತೇಕ ಬ್ಯೂಟೇನೇ. ಶುದ್ಧ ಬ್ಯೂಟೇನ್ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಆವಿಯಾಗುವುದನ್ನೇ ನಿಲ್ಲಿಸುತ್ತದೆ. ಅಲ್ಕಲಾದ ಜನವರಿ ರಾತ್ರಿಗಳಲ್ಲಿ ಬಾಲ್ಕನಿಯಲ್ಲಿಟ್ಟ ಬೊಂಬೊನ ಸರಿಯಾಗಿ ಉರಿಯದೇ ಹೋಗಬಹುದು. ಜನ ಆಗ ಅದನ್ನು ಒಳಗೆ ತಂದು, ಕಿಟಕಿ ಮುಚ್ಚಿ, ಎಸ್ತೂಫ ಎನ್ನುವ ಗ್ಯಾಸ್ ಹೀಟರ್ ಹಚ್ಚಿಕೊಂಡು ಅದರ ಮುಂದೆ ಕೂರುತ್ತಾರೆ. ಅಲ್ಲಿಂದಲೇ ನನ್ನ ಭಯ ಶುರು.

ಅಡುಗೆಮನೆಯ ಗೋಡೆಯಲ್ಲಿ ನೆಲದ ಹತ್ತಿರ ಒಂದು, ಮೇಲೆ ಒಂದು, ಜಾಲರಿ ಕಿಂಡಿ ಇರಬೇಕು. ಬ್ಯೂಟೇನ್ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಮಡುಗಟ್ಟುತ್ತದೆ; ಕೆಳಗಿನ ಕಿಂಡಿ ಅದು ಹೊರಹೋಗಲಿಕ್ಕೆ. ಮೇಲಿನದು ಉರಿದ ಗಾಳಿ ಹೊರಹೋಗಲಿಕ್ಕೆ. ಚಳಿ ಬರುತ್ತದೆಂದು ಹಿಂದಿನ ಬಾಡಿಗೆದಾರರು ಇವಕ್ಕೆ ಟೇಪ್ ಅಂಟಿಸಿರುತ್ತಾರೆ, ಇಲ್ಲವೇ ಮುಂದೆ ಕಪಾಟು ನಿಲ್ಲಿಸಿರುತ್ತಾರೆ. ಕಿತ್ತುಹಾಕು, ಸರಿಸು. ಚಳಿಗೆ ಇನ್ನೊಂದು ಸ್ವೆಟರ್ ಹಾಕಿಕೋ.

ಸೋರಿದ ಗ್ಯಾಸು ನಾರುತ್ತದೆ, ವಾಸನೆಗೆಂದೇ ಬೇರೆ ವಸ್ತು ಬೆರೆಸಿರುತ್ತಾರೆ. ಅರೆಬರೆ ಉರಿದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಜ್ವಾಲೆ ನೀಲಿಯಾಗಿರಬೇಕು. ಹಳದಿಗೆ ತಿರುಗಿ ಪಾತ್ರೆಯ ತಳ ಕಪ್ಪಾಯಿತೋ, ಗಾಳಿ ಸಾಲುತ್ತಿಲ್ಲ ಎಂದೇ ಅರ್ಥ. ತಲೆನೋವು, ಓಕರಿಕೆ, ಕಾಲಲ್ಲಿ ಬಲವಿಲ್ಲದಿರುವುದು: ಜ್ವರ ಬರುವ ಮುಂಚಿನ ಹಾಗೇ ಇರುತ್ತದೆ, ಮಲಗಿದರೆ ಸರಿಹೋದೀತು ಅನ್ನಿಸುತ್ತದೆ. ಮಲಗಬೇಡ. ಹೊರಗೆ ಹೋದಾಗ ಇಳಿದು, ಮನೆಗೆ ಬಂದಾಗ ಮತ್ತೆ ಏರುವ ತಲೆನೋವು ಜ್ವರದ್ದಲ್ಲ. ಕಿಟಕಿ ತೆರೆ, ಉರಿ ಆರಿಸು, ಮೆಟ್ಟಿಲಿಗೆ ಬಾ, 112ಕ್ಕೆ ಫೋನ್ ಮಾಡು. ಈ ಕ್ರಮದಲ್ಲೇ. ಕೈಕಾಲು ಆಗಲೇ ಸೋತಿದ್ದರೆ ಕಿಟಕಿಯನ್ನೂ ಬಿಟ್ಟು ನೇರ ಮೆಟ್ಟಿಲಿಗೆ ಬಾ.

ನೀರು ಕಾಯಿಸುವ ಕಲೆಂತಾದೋರ್ ಹಳೆಯ ನಮೂನೆಯದಾದರೆ ಅದು ಅಡುಗೆಮನೆಯ ಗಾಳಿಯನ್ನೇ ಎಳೆದುಕೊಂಡು ಉರಿಯುತ್ತದೆ. ಅದು ಉರಿಯುವಾಗ ಒಲೆಯ ಮೇಲಿನ ಹೊಗೆ ಹೀರುವ ಫ್ಯಾನ್ ಹಾಕಬೇಡ. ಫ್ಯಾನಿನ ಎಳೆತ ಜೋರಾದರೆ ಕೊಳವೆಯಲ್ಲಿ ಮೇಲೇರಬೇಕಾದ ಹೊಗೆ ತಿರುಗಿ ಒಳಗೇ ಬರುತ್ತದೆ. ಒಗ್ಗರಣೆ ಹಾಕುವಾಗ ಫ್ಯಾನ್ ಬೇಕೇ ಬೇಕು, ಗೊತ್ತು. ಆಗ ಬಿಸಿನೀರು ತಿರುಗಿಸಬೇಡ, ಅಷ್ಟೆ. ಎಸ್ತೂಫ ಮಲಗುವ ಕೋಣೆಗೆ, ಬಚ್ಚಲಿಗೆ ಎಂದೂ ಬೇಡ. ಎಚ್ಚರ ಇರುವಷ್ಟು ಹೊತ್ತು ಮಾತ್ರ, ಕಿಟಕಿಯಲ್ಲಿ ಬೆರಳಗಲ ಸಂದು ಬಿಟ್ಟು. ಹಳ್ಳಿಗಳಲ್ಲಿ ಮೇಜಿನ ಕೆಳಗೆ ಕೆಂಡದ ಬ್ರಸೇರೊ ಇಟ್ಟು ಕೂರುವ ಮುದುಕರು ಇಂದಿಗೂ ಚಳಿಗಾಲದಲ್ಲಿ ಹೀಗೆ ಸಾಯುತ್ತಾರೆ. ಅವರಲ್ಲಿ ಒಂಟಿಯಾಗಿ ಇದ್ದವರೂ ಇರುತ್ತಾರೆ.

ಇಎನ್ 50291 ಎಂಬ ಯುರೋಪಿನ ಮಾನದಂಡದ ಗುರುತಿರುವ ಮೊನಾಕ್ಸೈಡ್ ಡಿಟೆಕ್ಟರ್ ತಂದಿದ್ದೇನೆ. ತಲೆಯ ಎತ್ತರದಲ್ಲಿ, ಕಲೆಂತಾದೋರಿನಿಂದ ಒಂದರಿಂದ ಮೂರು ಮೀಟರ್ ದೂರದಲ್ಲಿ ಹಾಕು. ಪರದೆ ಹಿಂದೆ, ಕಪಾಟಿನೊಳಗೆ ಬೇಡ. ತಿಂಗಳಿಗೊಮ್ಮೆ ಗುಂಡಿ ಒತ್ತಿ ಪರೀಕ್ಷಿಸು. ಇದು ಬ್ಯೂಟೇನ್ ಸೋರಿಕೆಯನ್ನು ಹಿಡಿಯುವುದಿಲ್ಲ. ಅದಕ್ಕೆ ಬೇರೆ ಯಂತ್ರ, ಅದನ್ನು ನೆಲದ ಹತ್ತಿರ ಹಾಕುತ್ತಾರೆ. ಇನ್ನು, ಅಂಗಿಯ ಮೇಲೆ ಲೋಗೋ ಹಾಕಿಕೊಂಡು "ಗ್ಯಾಸ್ ತಪಾಸಣೆ" ಎಂದು ಬಾಗಿಲು ತಟ್ಟುವವರಿಗೆ ತೆರೆಯಬೇಡ. ಐದು ವರ್ಷಕ್ಕೊಮ್ಮೆ ತಪಾಸಣೆ ಕಡ್ಡಾಯ ನಿಜ, ಆದರೆ ಬೊಂಬೊನದ ಮನೆಗೆ ನಾವೇ ಕರೆದರೆ ಮಾತ್ರ ಬರುತ್ತಾರೆ. ಹಿಂದಿನ ತಪಾಸಣೆಯ ಚೀಟಿಯನ್ನು ಮನೆಯೊಡೆಯರಿಂದ ಕೇಳಿ ತೆಗೆದುಕೋ.

ಇಷ್ಟೆಲ್ಲ ಓದಿ ನೀನು ಕಣ್ಣು ತಿರುಗಿಸುತ್ತೀ. ಚಳಿಗಾಲದ ಬಾಯಲ್ಲಿ ನಿನ್ನೊಬ್ಬಳನ್ನು ಬಿಟ್ಟು ಹೊರಡುತ್ತಿದ್ದೇವೆ, ಅದಕ್ಕೆ ಕ್ಷಮೆ ಇರಲಿ. ಆದರೆ ಕೇಳು: ಯಂತ್ರ ಕೂಗಿದರೆ ಕೇಳಿಸಿಕೊಳ್ಳುವವರು ಯಾರು? ನಿನ್ನ ಕೆಲಸ ಮನೆಯಿಂದಲೇ. ಶುಕ್ರವಾರ ಸಂಜೆ ನೀನು ಕಂಪ್ಯೂಟರ್ ಮುಚ್ಚಿದರೆ ಸೋಮವಾರ ಬೆಳಿಗ್ಗೆವರೆಗೆ ನಿನ್ನನ್ನು ಯಾರೂ ಹುಡುಕುವುದಿಲ್ಲ. ನಾವು ಫೋನ್ ಮಾಡಿದಾಗ ನೀನು ಎತ್ತದಿದ್ದರೆ, ಗೆಳತಿಯರ ಜೊತೆ ಇದ್ದಾಳೆ ಎಂದು ನಮ್ಮನ್ನು ನಾವೇ ಸಮಾಧಾನ ಮಾಡಿಕೊಳ್ಳುತ್ತೇವೆ. ಫೋನಿನಲ್ಲಿ ನೋಡುವ ಆರಾಧನೆಯಲ್ಲಿ ವಾಕ್ಯ ಕೇಳಿಸುತ್ತದೆ, ಹಾಡು ಕೇಳಿಸುತ್ತದೆ. ನೀನು ಬಂದಿಲ್ಲ ಎಂಬುದು ಯಾರಿಗೂ ತಿಳಿಯುವುದಿಲ್ಲ.

ಆದ್ದರಿಂದ ನನ್ನ ಒತ್ತಾಯ ಇಷ್ಟು: ನಮ್ಮ ಚರ್ಚಿನ ಸಭೆಯಲ್ಲಿ ನೀನಿಲ್ಲದಿದ್ದರೆ ನಿಲ್ಲುವಂಥ ಒಂದು ಕೆಲಸ ಹಿಡಿ. ಸಂಗೀತ ಬೇಡ, ಶನಿವಾರವೂ ಅಭ್ಯಾಸಕ್ಕೆ ಹೋಗಬೇಕಾಗುತ್ತದೆ, ನಿನ್ನ ಕೈಯಲ್ಲಿ ಆಗುವುದಿಲ್ಲ. ಪ್ರೊಜೆಕ್ಟರ್ ಹಿಡಿ. ಹಾಡಿನ ಸಾಲು, ಸ್ಪ್ಯಾನಿಷ್ ಬೈಬಲ್ ರೇಯ್ನಾ-ವಲೇರಾ 1960ರ ವಚನ ಪರದೆಗೆ ಹಾಕುವವರು ಹತ್ತೂವರೆಗೆ ಬಾರದಿದ್ದರೆ ಹತ್ತು ನಲವತ್ತಕ್ಕೆ ಫೋನ್ ಬರುತ್ತದೆ. ಎತ್ತದಿದ್ದರೆ ಆರಾಧನೆ ಮುಗಿಯುವ ಮೊದಲೇ ಯಾರಾದರೂ ಕಾರು ತೆಗೆಯುತ್ತಾರೆ. ದೂರ ಎನ್ನಬೇಡ. ಸಿ-2 ಅಥವಾ ಸಿ-7 ಲೋಕಲ್ ರೈಲು ಹತ್ತಿದರೆ ಅಲ್ಕಲಾದಿಂದ ತೊರ್ರೆಹೋನ್‌ಗೆ ಮಧ್ಯೆ ಲಾ ಗರೇನಾ, ಸೋತೊ ದೆಲ್ ಎನಾರೆಸ್ ಎರಡೇ ನಿಲ್ದಾಣ. ಅಲ್ಕಲಾದಲ್ಲೇ ಬೇರೆ ಸಭೆ ಬೇಕೆಂದರೆ ಅದೂ ಸಿಗುತ್ತದೆ, ಕೊಸ್ಲಾದದಿಂದ ಅಲ್ಕಲಾವರೆಗೆ ರೊಮೇನಿಯಾದವರ ಸಭೆಗಳೇ ಎಷ್ಟೊಂದು. ಯಾವುದಾದರೂ ಸರಿ, ಕೆಲಸ ಇರಲಿ. ನಮ್ಮ ಸಭೆಯ ರೊಮೇನಿಯಾದ ಅಕ್ಕ ಅಲ್ಕಲಾದಲ್ಲೇ ಇದ್ದಾರೆ. ಮನೆಯ ಇನ್ನೊಂದು ಕೀಲಿಕೈ ಅವರ ಬಳಿ ಇರಲಿ. ಪಕ್ಕದ ಮನೆಯವರಿಗೆ ಅವರ ಫೋನ್ ನಂಬರ್ ಬರೆದುಕೊಡು.

ಆಗಸ್ಟ್ ತಿಂಗಳಿನದು ಬೇರೆ ಲೆಕ್ಕ. ಅರ್ಧ ಸಭೆ ಊರಿಗೆ ಹೋಗಿರುತ್ತದೆ, ಬುಧವಾರದ ಪ್ರಾರ್ಥನೆ ನಿಲ್ಲುತ್ತದೆ. ಆ ತಿಂಗಳು ದಿನಕ್ಕೊಮ್ಮೆ ನನಗೊಂದು ಸಂದೇಶ ಸಾಕು, ಬರೀ ಒಂದು ಚುಕ್ಕೆ ಕಳಿಸಿದರೂ ಆದೀತು.

ನಿನ್ನ ನಂಬಿಕೆಯನ್ನು ನಾನು ಕೈಹಿಡಿದು ನಡೆಸಲಾರೆ, ಆ ವಯಸ್ಸು ದಾಟಿದೆ. ಒಂದು ಮಾತು ಮಾತ್ರ. ಸ್ಪ್ಯಾನಿಷ್ ಸಭೆ ನಮ್ಮದಲ್ಲ, ನಾವು ಅಲ್ಲಿ ಅತಿಥಿಗಳು ಎಂದು ನೀನು ಅನ್ನುತ್ತಿದ್ದೆ. ನಾವು ಓದುವ ಈ ಸ್ಪ್ಯಾನಿಷ್ ಬೈಬಲಿನ ಮೂಲವನ್ನು ಕಸಿಯೊದೊರೊ ದೆ ರೇಯ್ನಾ ಸೆವಿಯಾ ಹತ್ತಿರದ ಮಠದಿಂದ ಇನ್‌ಕ್ವಿಸಿಷನ್ ಎಂಬ ಕ್ಯಾಥೊಲಿಕ್ ಧರ್ಮವಿಚಾರಣೆಗೆ ಹೆದರಿ ಓಡಿಹೋಗಿ, 1569ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಅಚ್ಚುಹಾಕಿಸಿದ. 1834ರಲ್ಲಿ ಮಂಗಳೂರಿಗೆ ಬಂದಿಳಿದು, ಮುಂದೆ ಧಾರವಾಡಕ್ಕೂ ಬಂದು ನಿನ್ನ ಮುತ್ತಜ್ಜಿಗೆ ಓದು ಕಲಿಸಿದ ಮಿಶನ್ ಕೂಡ ಅದೇ ಬಾಸೆಲ್‌ನದು. ನೀನು ಅಲ್ಲಿ ಅತಿಥಿಯಲ್ಲ. ಘಾನಾದ ತಾಯಂದಿರ ಜೊತೆ ಆರೋಗ್ಯ ಕೇಂದ್ರಕ್ಕೆ ಹೋಗಿ ವೈದ್ಯರ ಮಾತನ್ನು ನೀನು ಇಂಗ್ಲಿಷಿಗೆ ತಿರುಗಿಸಿ ಹೇಳುವಾಗ ನನಗಾಗುವ ಹೆಮ್ಮೆಯನ್ನು ನಿನ್ನೆದುರು ಒಮ್ಮೆಯೂ ಬಾಯಿಬಿಟ್ಟು ಹೇಳಿಲ್ಲ. ಈಗ ಹೇಳುತ್ತಿದ್ದೇನೆ.

ಕಾಗದಪತ್ರ ಬೇಗ ಹೇಳಿ ಮುಗಿಸುತ್ತೇನೆ. ಮನೆ ಬದಲಾದ ತಕ್ಷಣ ಅಲ್ಕಲಾದ ಅಯುಂತಮಿಯೆಂತೊದಲ್ಲಿ, ಅಂದರೆ ನಗರಸಭೆಯಲ್ಲಿ, ಎಂಪದ್ರೊನಮಿಯೆಂತೊ, ಅಂದರೆ ವಿಳಾಸದ ನೋಂದಣಿ, ಮಾಡಿಸು. ಬಾಡಿಗೆ ಕರಾರು ನಿನ್ನ ಹೆಸರಿನಲ್ಲಿದ್ದರೆ ಮನೆಯೊಡೆಯರ ಒಪ್ಪಿಗೆ ಬೇಡ. ಆರೋಗ್ಯ ಕೇಂದ್ರ ಬದಲಾಗುವುದೂ ಅದರ ಮೇಲೆಯೇ. ವಿದೇಶಿಯರ ಕಚೇರಿಗೆ ಹೊಸ ವಿಳಾಸವನ್ನು ಒಂದು ತಿಂಗಳೊಳಗೆ ತಿಳಿಸು. ಮುಂಗಡ ಕಾನೂನು ಪ್ರಕಾರ ಒಂದು ತಿಂಗಳ ಬಾಡಿಗೆ. ಆರು ತಿಂಗಳು ಕಳೆದ ಮೇಲೆ ಬಿಡಬೇಕೆಂದರೆ 30 ದಿನ ಮೊದಲು ಬರೆದು ತಿಳಿಸಿದರೆ ಸಾಕು, ಆದರೆ ಕರಾರಿನಲ್ಲಿ ದಂಡದ ಸಾಲು ಇದೆಯೇ ಎಂದು ಸಹಿಗೆ ಮೊದಲು ಓದು.

ಕಾಣಿಕೆಯನ್ನು ನಗದಾಗಿ ಪೆಟ್ಟಿಗೆಗೆ ಹಾಕಬೇಡ, ನಿನ್ನ ಗುರುತಿನ ಸಂಖ್ಯೆ ಕೊಟ್ಟು ಬ್ಯಾಂಕಿನಿಂದ ಕಳಿಸು. ತೆರಿಗೆ ಫಾರಂನ 105ನೇ ಚೌಕ ಕ್ಯಾಥೊಲಿಕ್ ಸಭೆಗೆ, ನಮ್ಮ ಸಭೆಗಳಿಗೆ ಅಂಥ ಚೌಕವಿಲ್ಲ. ಆದರೆ ವರ್ಷದ ಕಾಣಿಕೆಯ ಮೊದಲ 250 ಯೂರೊದ ಮೇಲೆ ನೂರಕ್ಕೆ 80, ಮಿಕ್ಕದ್ದರ ಮೇಲೆ ನೂರಕ್ಕೆ 40 ತೆರಿಗೆಯಲ್ಲಿ ಕಳೆಯುತ್ತದೆ. ಸಭೆಯ ಖಜಾಂಚಿ ಜನವರಿಯಲ್ಲಿ ತೆರಿಗೆ ಇಲಾಖೆಗೆ ಪಟ್ಟಿ ಕೊಡುವಾಗ ನಿನ್ನ ಹೆಸರು ಇರಬೇಕು, ಕೇಳಿಕೋ.

ಡಿಸೆಂಬರ್ ಮೊದಲ ಭಾನುವಾರದ ಸಹಭೋಜನಕ್ಕೆ ನಮ್ಮ ಪಾಲಿಗೆ ಚಿತ್ರಾನ್ನ ಬರೆಸಿದ್ದೇನೆ, ಮಾಡುವವಳು ನೀನೇ. ಮೂವತ್ತು ಜನಕ್ಕೆ, ಬೇರೆ ಪದಾರ್ಥಗಳೂ ಇರುವುದರಿಂದ, ಎರಡು ಕಿಲೋ ಅಕ್ಕಿ ಸಾಕು. ಇಲ್ಲಿಯವರ ಪಯೆಯ್ಯಾ ಅನ್ನದ ಗುಂಡಕ್ಕಿ ತರಬೇಡ, ಮುದ್ದೆಯಾಗುತ್ತದೆ. ಉದ್ದಕ್ಕಿಯನ್ನು ಹಿಂದಿನ ರಾತ್ರಿಯಲ್ಲ, ಬೆಳಿಗ್ಗೆಯೇ ಬೇಯಿಸಿ ಹರಡಿ ಆರಿಸು. ಹಸಿಮೆಣಸಿನಕಾಯಿ ಸೀಳದೆ ಇಡಿಯಾಗಿ ಹಾಕಿ ಕೊನೆಗೆ ಹೆಕ್ಕಿ ತೆಗೆ, ಸಭೆಯಲ್ಲಿ ಹೆಚ್ಚಿನವರು ಖಾರ ತಿನ್ನುವುದಿಲ್ಲ. ಶೇಂಗಾ ಬೇರೆ ಬಟ್ಟಲಲ್ಲಿ ಇಡು, ಪಕ್ಕದಲ್ಲಿ ಸ್ಪ್ಯಾನಿಷಿನಲ್ಲಿ "ಕಕವೆತೆ" (ಶೇಂಗಾ) ಎಂದು ಚೀಟಿ ಇರಲಿ. ಮಕ್ಕಳಲ್ಲಿ ಇಬ್ಬರಿಗೆ ಅದು ಆಗುವುದಿಲ್ಲ.

ನಿನ್ನ
ಅವ್ವ