ಕುದುರೆಯ ಮೇವು ಕಣ್ಣಂದಾಜಿನ ವ್ಯಾಪಾರವಾಗಬಾರದು

ಮಾನ್ಯ ಸಂಪಾದಕರೇ,

ಹೊಸೂರು, ಬಾಗಲೂರು, ಬೇರಿಕೆ, ತಳಿ, ಡೆಂಕಣಿಕೋಟೆ ಭಾಗಗಳಲ್ಲಿ ನಡೆಯುವ ಒಣಹುಲ್ಲಿನ ವ್ಯಾಪಾರದಲ್ಲಿ ಕುದುರೆ ಸಾಕುವವರು ಅನುಭವಿಸುತ್ತಿರುವ ತೊಂದರೆಯನ್ನು ತಮ್ಮ ಪತ್ರಿಕೆಯ ಮೂಲಕ ಸಂಬಂಧಪಟ್ಟವರ ಗಮನಕ್ಕೆ ತರಬಯಸುತ್ತೇನೆ. ಮದುವೆ, ಜಾತ್ರೆಗಳ ಮೆರವಣಿಗೆಯನ್ನು ನಂಬಿಕೊಂಡು ಒಂದೆರಡು ಕುದುರೆ ಇಟ್ಟುಕೊಂಡವರಿಗೆ ಬೆಂಗಳೂರಿನ ದೊಡ್ಡ ಲಾಯಗಳಂತೆ ಓಟ್ಸ್ ಹುಲ್ಲನ್ನು ದೂರದಿಂದ ತರಿಸಿಕೊಳ್ಳುವ ಶಕ್ತಿ ಇರುವುದಿಲ್ಲ. ಹಸುಗಳಿಗೆಂದು ಮಾರಾಟಕ್ಕೆ ಬರುವ ರಾಗಿ ಹುಲ್ಲನ್ನೋ ಭತ್ತದ ಹುಲ್ಲನ್ನೋ ಅವರು ಕೊಳ್ಳಬೇಕಾಗುತ್ತದೆ. ಆ ಹುಲ್ಲಾದರೂ ತೂಕಕ್ಕೆ ಸಿಗುವುದಿಲ್ಲ. ಕಂತೆಯ ಲೆಕ್ಕದಲ್ಲಿ, ಇಲ್ಲವೇ ಟ್ರ್ಯಾಕ್ಟರ್ ಲೋಡಿನ ಲೆಕ್ಕದಲ್ಲಿ, ಕಣ್ಣಂದಾಜಿನ ಮೇಲೆ ಬೆಲೆ ಕಟ್ಟಲಾಗುತ್ತದೆ.

ಸುಮಾರು 300 ಕಿಲೋ ತೂಗುವ ಕುದುರೆಗೆ ದಿನಕ್ಕೆ 5ರಿಂದ 6 ಕಿಲೋ ಒಣಮೇವು ಬೇಕು. ಅಂದರೆ ತಿಂಗಳಿಗೆ 150ರಿಂದ 180 ಕಿಲೋ. ಕೊಂಡ ಲೋಡಿನ ತೂಕವೇ ಗೊತ್ತಿಲ್ಲದಿದ್ದರೆ ಅದು ಎಷ್ಟು ದಿನಕ್ಕೆ ಬರುತ್ತದೆ, ಕೊಟ್ಟ ಹಣಕ್ಕೆ ಸರಿಹೋಯಿತೇ ಎಂದು ಲೆಕ್ಕ ಹಾಕುವುದಾದರೂ ಹೇಗೆ? ತೂಕಕ್ಕೆ ಕೊಂಡರೆ ಒದ್ದೆ ಹುಲ್ಲಿನ ನೀರಿನ ಭಾರಕ್ಕೂ ನಾವೇ ಹಣ ತೆರಬೇಕಾಗುತ್ತದೆ ಎಂಬುದು ನಿಜ. ಆದ್ದರಿಂದ ತೂಕದ ಜೊತೆಗೆ ಹುಲ್ಲು ಎಷ್ಟು ಒಣಗಿದೆ ಎಂಬುದನ್ನೂ ನೋಡಲೇಬೇಕು.

ತೂಕಕ್ಕಿಂತ ಗಂಭೀರವಾದದ್ದು ಬೂಷ್ಟಿನ ವಿಷಯ. ನಮ್ಮ ಕಡೆ ರಾಗಿ ಕೊಯ್ಲಿಗೆ ಬರುವುದು ನವೆಂಬರ್, ಡಿಸೆಂಬರ್ ತಿಂಗಳುಗಳಲ್ಲಿ. ಈಶಾನ್ಯ ಮಾರುತದ ಮಳೆಯೂ, ಬಂಗಾಳ ಕೊಲ್ಲಿಯ ಚಂಡಮಾರುತದ ಜಡಿಯೂ ಹಲವು ವರ್ಷ ಅದೇ ಹೊತ್ತಿಗೆ ಬೀಳುತ್ತವೆ. ಹೊಲದಲ್ಲಿ ನೆನೆದ ಹುಲ್ಲನ್ನು ಪೂರ್ತಿ ಒಣಗಿಸದೆ ಮೆದೆ ಹಾಕಿದರೆ ಮೇಲೆ ಚೆನ್ನಾಗಿ ಕಂಡರೂ ಒಳಗೆ ಬಿಸಿಯೇರಿ ಬೂಷ್ಟು ಹಿಡಿಯುತ್ತದೆ. ಒಳಗಿನ ತೇವಾಂಶ ಶೇ. 15ರ ಆಸುಪಾಸಿಗೆ ಇಳಿದ ಮೇಲೆಯೇ ಹುಲ್ಲನ್ನು ಕೂಡಿಡುವುದು ಕ್ಷೇಮ, ಶೇ. 20 ದಾಟಿದರೆ ಅದು ಕೆಡುವ ಸಂಭವವೇ ಹೆಚ್ಚು. ಇಂಥ ಹುಲ್ಲನ್ನು ಹಸುವಿಗೂ ಹಾಕಬಾರದು, ಆದರೆ ಕುದುರೆಗೆ ಅದರಿಂದಾಗುವ ಅಪಾಯ ಇನ್ನೂ ದೊಡ್ಡದು. ಕುದುರೆ ಮೆಲುಕು ಹಾಕುವ ಪ್ರಾಣಿಯಲ್ಲ. ಅದರ ಜಠರ ದೇಹದ ಗಾತ್ರಕ್ಕೆ ಚಿಕ್ಕದು. ತಿಂದದ್ದು ಒಗ್ಗದಿದ್ದರೆ ವಾಂತಿ ಮಾಡಿ ಹೊರಹಾಕಲು ಅದಕ್ಕೆ ಆಗುವುದಿಲ್ಲ. ಬೂಷ್ಟು ಹಿಡಿದ ಮೇವಿನಿಂದ ಬರುವ ಹೊಟ್ಟೆಶೂಲೆ ಕುದುರೆಯ ಪ್ರಾಣವನ್ನೇ ತೆಗೆಯಬಲ್ಲದು. ಬೂಷ್ಟಿನ ಧೂಳು ಶ್ವಾಸಕೋಶಕ್ಕೆ ಇಳಿದರೆ ಕೆಮ್ಮು, ಏದುಸಿರು ಹಿಡಿದು, ಓಡುತ್ತಿದ್ದ ಕುದುರೆ ಕೆಲಸಕ್ಕೆ ಬಾರದಂತಾಗುತ್ತದೆ.

ಆದ್ದರಿಂದ ಕೊಳ್ಳುವವರು ಕಂತೆಯನ್ನು ಬಿಚ್ಚಿಸಿ ನೋಡಬೇಕು. ಮೆದೆಯಾದರೆ ನಡುಭಾಗದಿಂದ ಹಿರಿದು ತೆಗೆಸಬೇಕು. ಕೈ ತೂರಿಸಿದಾಗ ಬೆಚ್ಚಗೆ ತಾಗಿದರೆ, ಮುಗ್ಗಲು ವಾಸನೆ ಬಂದರೆ, ಕೊಡವಿದಾಗ ಬಿಳಿ ಧೂಳು ಎದ್ದರೆ, ಎಷ್ಟೇ ಅಗ್ಗವಾಗಿದ್ದರೂ ಅದು ಕುದುರೆಗೆ ಬೇಡ. ಹುಲ್ಲಿನ ನಡುವೆ ಪಾರ್ಥೇನಿಯಂ ಗಿಡ ಸೇರಿರುವುದೂ ಉಂಟು, ಅದನ್ನೂ ಗಮನಿಸಬೇಕು. ಬಿಚ್ಚಿ ತೋರಿಸಲು ಒಪ್ಪದ ವ್ಯಾಪಾರಿಯಿಂದ ಕೊಳ್ಳದಿರುವುದೇ ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹುಲ್ಲು ಶುದ್ಧವಾಗಿದ್ದರೂ ಕಾಳು ಬಲಿತ ಮೇಲೆ ಕೊಯ್ದ ಪೈರಿನ ದಂಟಿನಲ್ಲಿ ಸತ್ವ ಕಡಿಮೆ. ಹೂಬಿಡುವ ಹೊತ್ತಿಗೆ ಕೊಯ್ದು, ಎಲೆ ಉದುರದಂತೆ ಒಣಗಿಸಿದ ಹುಲ್ಲಿಗೆ ಅದು ಸಮನಾಗದು. ಈ ಕೊರತೆ ನೀಗಿಸಲು ಕೆಲವರು ಹೈನುಗಾರರಲ್ಲಿ ಸಿಗುವ ಸಿಒ-4ರಂಥ ಹೈಬ್ರಿಡ್ ನೇಪಿಯರ್ ಹುಲ್ಲನ್ನೂ ತವುಡನ್ನೂ ಧಾರಾಳವಾಗಿ ಹಾಕುತ್ತಾರೆ. ನೇಪಿಯರ್ ಹುಲ್ಲಿನಲ್ಲಿರುವ ಆಕ್ಸಲೇಟ್ ಎಂಬ ಅಂಶ ಕುದುರೆಗೆ ಸುಣ್ಣದ ಅಂಶ ದಕ್ಕದಂತೆ ತಡೆಯುತ್ತದೆ, ತವುಡಿನ ರಂಜಕ ಆ ಕೊರತೆಯನ್ನು ಹೆಚ್ಚಿಸುತ್ತದೆ. ಇವೆರಡನ್ನೇ ಬಹುಕಾಲ ತಿಂದ ಕುದುರೆಯ ಮೂಳೆಗಳು ಸಡಿಲವಾಗಿ, ಮುಖದ ಮೂಳೆ ಊದಿಕೊಳ್ಳಬಹುದು. ಅದರ ಬದಲು ಒಳ್ಳೆಯ ಒಣಹುಲ್ಲಿನ ಜೊತೆ ಸ್ವಲ್ಪ ಕುದುರೆ ಮೆಂತೆ (ಲೂಸರ್ನ್) ಸೊಪ್ಪನ್ನು ಕೊಡುವುದು ಉತ್ತಮ. ಅದು ನಮ್ಮ ಮಣ್ಣಿನಲ್ಲಿ ನೀರಾವರಿ ಇರುವ ಕಡೆ ಬೆಳೆಯುತ್ತದೆ.

ಹೊಸೂರಿನ ಪಕ್ಕದ ಮತ್ತಿಗಿರಿಯ ಸರ್ಕಾರಿ ಜಾನುವಾರು ಕ್ಷೇತ್ರವು 1824ರಲ್ಲಿ ಕಂಪನಿ ಸರ್ಕಾರದ ಕಾಲದಲ್ಲಿ ಸೇನೆಯ ಕುದುರೆಗಳಿಗಾಗಿಯೇ ಆರಂಭವಾದದ್ದು. ಅಲ್ಲಿ ಕುದುರೆ ಮೆಂತೆಯನ್ನೂ ಒಣಗಿಸಿದ ಹುಲ್ಲನ್ನೂ ಸಣ್ಣ ಪ್ರಮಾಣದಲ್ಲಿ ತೂಕಕ್ಕೆ ಮಾರುವ ವ್ಯವಸ್ಥೆಯಾದರೆ ಬಡ ಸಾಕಣೆದಾರರಿಗೆ ದೊಡ್ಡ ಉಪಕಾರವಾಗುತ್ತದೆ. ಖಾಸಗಿ ವ್ಯಾಪಾರಿಗಳು ಸಹ ಹುಲ್ಲನ್ನು ತೂಗಿ ಕೊಟ್ಟು, ಯಾವ ಬೆಳೆಯದು, ಯಾವ ತಿಂಗಳು ಕೊಯ್ದದ್ದು, ಮಳೆಗೆ ನೆನೆದಿತ್ತೇ ಎಂಬುದನ್ನು ಚೀಟಿಯಲ್ಲಿ ಬರೆದುಕೊಡುವಂತೆ ಅಧಿಕಾರಿಗಳು ಸೂಚಿಸಬೇಕು. ಈ ಭಾಗದ ರೈತರು ಕನ್ನಡ, ತೆಲುಗು, ತಮಿಳು ಮೂರನ್ನೂ ಆಡುವವರಾದ್ದರಿಂದ ಸೂಚನೆಯನ್ನು ಮೂರು ಭಾಷೆಗಳಲ್ಲೂ ಹೊರಡಿಸಿ, ಮುಂದಿನ ರಾಗಿ ಕೊಯ್ಲಿಗೆ ಮೊದಲೇ ಪಶು ಆಸ್ಪತ್ರೆಗಳಲ್ಲಿ ಅಂಟಿಸಬೇಕೆಂದು ಕೋರುತ್ತೇನೆ.

ಇತಿ,
ಕುದುರೆ ಸಾಕಣೆದಾರ, ಬಾಗಲೂರು, ಕೃಷ್ಣಗಿರಿ ಜಿಲ್ಲೆ