ರಾತ್ರಿ ಎರಡೂವರೆಯ ನಿನ್ನ ಪ್ರಶ್ನೆಗೆ

ಪುಟ್ಟಿ,

ನಿನ್ನ ಮೆಸೇಜು ಬೆಳಿಗ್ಗೆ ನೋಡಿದೆ. "ಅರ್ಧ ಗಂಟೆ ಆನ್‌ಲೈನ್ ಪಾಠ ಮಾಡಿದರೆ ಮನಸ್ಸು ಸರಿಹೋಗುತ್ತಾ ಚಿಕ್ಕಮ್ಮ, ಸುಮ್ನೆ ಅಲ್ವಾ ಇದೆಲ್ಲಾ" ಅಂತ ಕೇಳಿದ್ದೀಯ. ನಿಜ ಹೇಳಬೇಕೆಂದರೆ ಪ್ರಶ್ನೆಗಿಂತ ನೀನು ಅದನ್ನು ಕೇಳಿದ ಹೊತ್ತು ನೋಡಿ ನನಗೆ ಜಾಸ್ತಿ ಚಿಂತೆಯಾಯಿತು. ಆದರೂ ಮೊದಲು ಪ್ರಶ್ನೆಗೇ ಬರುತ್ತೇನೆ. ಇಲ್ಲದಿದ್ದರೆ ಶುರು ಹಚ್ಚಿಕೊಂಡಳು ಅಂತ ನೀನು ಅರ್ಧಕ್ಕೇ ಓದು ನಿಲ್ಲಿಸುತ್ತೀಯ.

ಸುಮ್ನೆ ಅಲ್ಲ ಕಣೇ. ಅಮೆರಿಕದಲ್ಲಿ 13ರಿಂದ 16 ವರ್ಷದ, ಆಗಲೇ ಖಿನ್ನತೆಯ ಲಕ್ಷಣಗಳಿದ್ದ 2,452 ಮಕ್ಕಳ ಮೇಲೆ ಇಂಥದೇ ಒಂದೇ ಸಲ ಕೂತು ಮುಗಿಸುವ ಆನ್‌ಲೈನ್ ಪಾಠಗಳನ್ನು ಪರೀಕ್ಷೆ ಮಾಡಿದ್ದರು. 2022ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಮೂರು ತಿಂಗಳಾದ ಮೇಲೂ ಆ ಪಾಠ ಮಾಡಿದವರಲ್ಲಿ ಖಿನ್ನತೆ ಉಳಿದವರಿಗಿಂತ ಸ್ವಲ್ಪ ಕಡಿಮೆ ಇತ್ತು. ಸ್ವಲ್ಪ ಅಂದೆ, ಗಮನಿಸು. ಆ ಮಕ್ಕಳು ನಿನಗಿಂತ ಚಿಕ್ಕವರು ಅನ್ನೋದೂ ಸರಿ. ಆದರೆ ಯಾರನ್ನೂ ಕೇಳದೆ, ಅಪಾಯಿಂಟ್‌ಮೆಂಟಿಗೆ ಕಾಯದೆ, ಹಾಸಿಗೆಯಲ್ಲೇ ಕೂತು ಮಾಡಬಹುದಾದ ಒಂದು ಕೆಲಸದಿಂದ ಅಷ್ಟು ಸಿಕ್ಕರೂ ಕಡಿಮೆಯೇನಲ್ಲ.

ನೀನು ತಪ್ಪು ಮಾಡಿದ್ದು ಎಲ್ಲಿ ಗೊತ್ತಾ? ಪಾಠ ಮುಗಿಸಿದೆ, ಕೊನೆಯಲ್ಲಿ "ನಾಳೆ ಏನು ಮಾಡುತ್ತೀರಿ" ಅಂತ ಕೇಳಿದ ಕಡೆ "ಖುಷಿಯಾಗಿರುತ್ತೇನೆ" ಅಂತ ಬರೆದು ಮುಚ್ಚಿಟ್ಟೆ. ಇಡೀ ಪಾಠದ ಜೀವ ಇದ್ದದ್ದೇ ಆ ಖಾಲಿ ಜಾಗದಲ್ಲಿ.

ಕಾರಣ ಹೇಳುತ್ತೇನೆ. ಮನಸ್ಸು ಕುಗ್ಗಿದಾಗ ನಾವು ಒಂದೊಂದೇ ಕೆಲಸ ಬಿಡುತ್ತಾ ಬರುತ್ತೇವೆ. ಮೊದಲು ಆಟ, ಆಮೇಲೆ ಗೆಳತಿಯರು, ಆಮೇಲೆ ಕ್ಲಾಸು, ಕೊನೆಗೆ ಸ್ನಾನ. ಬಿಟ್ಟಷ್ಟೂ ದಿನದಲ್ಲಿ ಹಿತ ಅನ್ನಿಸುವಂಥದ್ದು ಏನೂ ಉಳಿಯುವುದಿಲ್ಲ, ಹಾಗಾಗಿ ಮನಸ್ಸು ಇನ್ನೂ ಕುಗ್ಗುತ್ತದೆ. ಪೀಟರ್ ಲೆವಿನ್ಸನ್ ಅನ್ನುವ ಮನಶ್ಶಾಸ್ತ್ರಜ್ಞರು 1970ರ ದಶಕದಲ್ಲೇ ಇದನ್ನು ಹೇಳಿದ್ದರು. ಮನಸ್ಸು ಬರಲಿ, ಆಮೇಲೆ ಎದ್ದರಾಯಿತು ಅಂತ ಕಾದರೆ ಅದು ಬರುವುದೇ ಇಲ್ಲ. ಎದ್ದು ಏನಾದರೂ ಮಾಡಿದರೆ ನಿಧಾನಕ್ಕೆ ಹಿಂದೆಯೇ ಬರುತ್ತದೆ.

ನಿನಗೆ ಯಾವತ್ತೂ ಹೇಳಿರಲಿಲ್ಲ, ಎರಡನೇ ವರ್ಷದ ಡಿಗ್ರಿಯಲ್ಲಿ ನಾನೂ ಹೀಗೆ ಬಿದ್ದುಕೊಂಡಿದ್ದೆ. ಹಾಸ್ಟೆಲ್ ರೂಮಿನ ಮೂಲೆಯಲ್ಲಿ ಒಂದು ಬಕೆಟ್ ಬಟ್ಟೆ ನೆನೆಹಾಕಿ ನಾಲ್ಕು ದಿನ ಆಗಿತ್ತು, ನೊರೆಯೆಲ್ಲಾ ಹೋಗಿ ನೀರು ಬೂದಿ ಬಣ್ಣಕ್ಕೆ ತಿರುಗಿ ರೂಮೆಲ್ಲಾ ಮುಗ್ಗಲು ವಾಸನೆ. ರೂಂಮೇಟ್ ಬೈಯಲೂ ಇಲ್ಲ, "ನಡಿ, ಇಬ್ಬರೂ ಒಗೆಯೋಣ" ಅಂದಳು. ಒಗೆದು ತಂತಿಗೆ ಹಾಕಿದ ಮೇಲೆ ದುಃಖವೇನೂ ಹೋಗಲಿಲ್ಲ. ಆದರೆ ಆ ದಿನ ಸಂಜೆ ಹಸಿವಾಯಿತು. ಎಷ್ಟೋ ದಿನದ ಮೇಲೆ ಆದ ಹಸಿವು ಅದು, ಇನ್ನೂ ನೆನಪಿದೆ.

ಅದಕ್ಕೇ, ಬರೆಯುವುದಾದರೆ ಬಕೆಟ್ಟಿನಷ್ಟು ಚಿಕ್ಕದು ಬರಿ. "ವ್ಯಾಯಾಮ ಶುರು ಮಾಡುತ್ತೇನೆ" ಅನ್ನಬೇಡ, ಅದು ಯಾವತ್ತೂ ಆಗುವುದಿಲ್ಲ, ನಾನು ಮೂವತ್ತು ವರ್ಷದಿಂದ ಹೇಳುತ್ತಲೇ ಇದ್ದೇನೆ. "ಲ್ಯಾಬ್ ಮುಗಿದ ತಕ್ಷಣ ಬ್ಯಾಗ್ ಹೆಗಲಲ್ಲಿ ಇರುವಾಗಲೇ ಮೈದಾನಕ್ಕೆ ಒಂದು ಸುತ್ತು ಹಾಕುತ್ತೇನೆ, ಮಳೆ ಬಂದರೆ ಕಾರಿಡಾರಿನಲ್ಲೇ ನಡೆಯುತ್ತೇನೆ" ಅಂತ ಬರಿ. ಯಾವಾಗ, ಎಲ್ಲಿ, ಅಡ್ಡಿ ಬಂದರೆ ಏನು, ಇಷ್ಟೂ ಮೊದಲೇ ಗೊತ್ತಿದ್ದರೆ ಆ ಹೊತ್ತಿಗೆ ಮನಸ್ಸಿನ ಜೊತೆ ಚೌಕಾಶಿ ಮಾಡುವ ಕೆಲಸ ಇರುವುದಿಲ್ಲ.

ಒಂದು ಇಂಟರ್ನಲ್ಸ್ ಕೈಕೊಟ್ಟರೆ "ನಾನು ಯಾವುದಕ್ಕೂ ಲಾಯಕ್ಕಿಲ್ಲ" ಅನ್ನುತ್ತೀಯಲ್ಲ, ಆ ಮಾತನ್ನು ನಿನ್ನ ಗೆಳತಿಗೆ ಹೇಳುತ್ತೀಯಾ? ಅವಳಿಗೆ ಏನು ಹೇಳುತ್ತಿದ್ದೆಯೋ ಅದನ್ನೇ ಕಾಗದದ ಮೇಲೆ ಬರಿ. ಮನಸ್ಸಿನಲ್ಲಿರುವುದನ್ನು ಹದಿನೈದು ಇಪ್ಪತ್ತು ನಿಮಿಷ, ನಾಲ್ಕು ದಿನ ಬರೆಯುವ ಇನ್ನೊಂದು ಪದ್ಧತಿಯೂ ಇದೆ. ಜೇಮ್ಸ್ ಪೆನ್ನೆಬೇಕರ್ ಅನ್ನುವವರು 1986ರಲ್ಲೇ ಅದನ್ನು ಪರೀಕ್ಷಿಸಿದ್ದರು. ಬರೆದ ಕೂಡಲೇ ಮನಸ್ಸು ಇನ್ನೂ ಭಾರ ಅನ್ನಿಸಬಹುದು, ಹಾಗಾಗಿ ಮಲಗುವ ಹೊತ್ತಿಗೆ ಬೇಡ.

ಇನ್ನು ನೀನು ಸ್ಕ್ರೀನ್‌ಶಾಟ್ ಕಳಿಸಿದ ಒಂಬತ್ತು ಪ್ರಶ್ನೆಗಳ ಪಟ್ಟಿ. ಪಿಎಚ್‌ಕ್ಯೂ-9 ಅಂತ ಅದರ ಹೆಸರು, 2001ರಿಂದ ಬಳಕೆಯಲ್ಲಿದೆ, ಡಾಕ್ಟರುಗಳೂ ಬಳಸುತ್ತಾರೆ. ಕಳೆದ ಎರಡು ವಾರ ಹೇಗಿದ್ದೆ ಅಂತಷ್ಟೇ ಕೇಳುತ್ತದೆ, ಅಂಕ 0ಯಿಂದ 27. ನಿನಗೆ 12 ಬಂದಿದೆ. ಅದನ್ನು ನೋಡಿ "ನನಗೆ ಕಾಯಿಲೆ" ಅಂತ ನೀನೇ ತೀರ್ಮಾನ ಮಾಡಬೇಡ. ಹಾಗಂತ ತಳ್ಳಿಯೂ ಹಾಕಬೇಡ. 10 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಕೌನ್ಸೆಲರ್ ಅಥವಾ ಡಾಕ್ಟರ್ ಎದುರು ಕೂತು ಒಂದು ಸಲ ಮಾತಾಡಬೇಕು. ಫೋನಿನಲ್ಲಿ ಮಾಡುವ ಪಾಠ ಅವರ ಜಾಗ ತುಂಬುವುದಿಲ್ಲ, ಅವರ ಹತ್ತಿರ ಹೋಗುವ ತನಕ ಕೈಹಿಡಿಯುತ್ತದೆ ಅಷ್ಟೇ.

ಒಂಬತ್ತನೇ ಪ್ರಶ್ನೆ ಮಾತ್ರ ಬೇರೆ. ಸಾವಿನ ಬಗ್ಗೆ, ತನಗೆ ತಾನೇ ಏನಾದರೂ ಮಾಡಿಕೊಳ್ಳುವ ಬಗ್ಗೆ ಅದು ಕೇಳುತ್ತದೆ. ನೀನು "ಇಲ್ಲವೇ ಇಲ್ಲ" ಅಂತ ಗುರುತು ಹಾಕಿದ್ದು ನೋಡಿ ಉಸಿರು ಬಿಟ್ಟೆ. ಯಾವತ್ತಾದರೂ ಅಲ್ಲಿ ಬೇರೆ ಉತ್ತರ ಹಾಕಬೇಕು ಅನ್ನಿಸಿದರೆ ಆ್ಯಪು, ಪಾಠ ಎಲ್ಲಾ ಪಕ್ಕಕ್ಕಿಡು. ಪಕ್ಕದಲ್ಲಿ ಯಾರು ಮಲಗಿದ್ದಾರೋ ಅವರನ್ನು ಎಬ್ಬಿಸು, ನನಗೆ ಫೋನ್ ಮಾಡು. ಮೆಸೇಜ್ ಬೇಡ, ಫೋನ್. ನಾನು ಗದರುವುದಿಲ್ಲ, ನಿಮ್ಮಮ್ಮನಿಗೆ ಹೇಗೆ ಹೇಳುವುದು ಅಂತಲೂ ಇಬ್ಬರೂ ಸೇರಿಯೇ ಯೋಚಿಸೋಣ.

ಹಾಂ, ಆ ಆ್ಯಪಿನಲ್ಲಿ ನಿನ್ನ ನಿಜ ಹೆಸರು, ಫೋನ್ ನಂಬರು ಕೇಳಿದರೆ ಯಾಕೆ ಬೇಕು ಅಂತ ಓದಿ ನೋಡಿ ಕೊಡು. ರಾತ್ರಿ ಫೋನನ್ನು ಕೈಗೆಟುಕದ ಕಡೆ ಚಾರ್ಜಿಗಿಡು.

ನಾಳೆ ಮಾಡುವ ಒಂದೇ ಒಂದು ಕೆಲಸವನ್ನು ಹೊತ್ತು, ಜಾಗ ಸಮೇತ ಒಂದು ಸಾಲಿನಲ್ಲಿ ಬರೆದು ಇವತ್ತು ಸಂಜೆಯೊಳಗೆ ಕಳಿಸು. "ಖುಷಿಯಾಗಿರುತ್ತೇನೆ" ಅಂತ ಬಂದರೆ ವಾಪಸ್ ಕಳಿಸುತ್ತೇನೆ.

ನಿನ್ನ
ಚಿಕ್ಕಮ್ಮ