ಸಂಪಾದಕೀಯ: ಹುಡುಗರು ಪಾಸಾದ್ರಾ?

ಬುಧವಾರ ರಾತ್ರಿ ಹನ್ನೊಂದೂವರೆ. ನಮ್ಮ ಕನ್ನಡ ಸುದ್ದಿಪತ್ರದ 2025ರ ಯುಗಾದಿ ಸಂಚಿಕೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು, ಈ ಪುಟ ಮಾತ್ರ ಖಾಲಿ ಇದೆ. ಹಬ್ಬದ ಬಗ್ಗೆ ಬರೆಯೋಣ ಅಂತಲೇ ಕೂತೆ. ಆದರೆ ನವೆಂಬರ್‌ನಿಂದ ಮಗಳ ಒಂದು ಮಾತು ತಲೆಯಲ್ಲಿ ಸುತ್ತುತ್ತಿದೆ. ಅದನ್ನು ಬರೆದು ಮುಗಿಸದೆ ಬೇರೇನೂ ಹೊಳೆಯುತ್ತಿಲ್ಲ.

2024ರ ನವೆಂಬರ್ 30 ನೆನಪಿದೆ ಅಲ್ವಾ? ನಮ್ಮ ರಾಜ್ಯೋತ್ಸವ. ಬೇರೆ ಶನಿವಾರ ಸಭಾಂಗಣ ಸಿಗದೆ ಮಿಷಿಗನ್ ಪಂದ್ಯದ ದಿನವೇ, ಅಂದರೆ ನಮ್ಮೂರಿನ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯ ಮಿಷಿಗನ್ ವಿಶ್ವವಿದ್ಯಾಲಯದ ಮೇಲೆ ಅಮೆರಿಕನ್ ಫುಟ್‌ಬಾಲ್ ಆಡುವ ದಿನವೇ, ಕಾರ್ಯಕ್ರಮ ಇಟ್ಟಿದ್ದೆವು. ನಾಲ್ಕಕ್ಕೆ ನಾಡಗೀತೆ. ಅದಕ್ಕೆ ಸ್ವಲ್ಪ ಮೊದಲು ಪಂದ್ಯ ಮುಗಿಯಿತು. ಮಿಷಿಗನ್ 13, ನಾವು 10. ಮೈಕ್ ಜೋಡಿಸುತ್ತಿದ್ದ ಹುಡುಗ ಓಹಾಯೋ ಸ್ಟೇಟ್‌ನಲ್ಲೇ ಎರಡನೇ ವರ್ಷ ಓದುತ್ತಿರುವವನು. ಮಡಚಿಟ್ಟ ಕುರ್ಚಿಗಳ ಮೇಲೆ ಕೂತು ಮುಖ ಮುಚ್ಚಿಕೊಂಡಿದ್ದ. ಮೈಮೇಲೆ ಕೆಂಪು ಜೆರ್ಸಿ, ಕೊರಳಲ್ಲಿ ಅರಿಶಿನ ಕುಂಕುಮದ ಶಾಲು. ಬಿಸಿಬೇಳೆಬಾತ್ ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರು ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಹೊರಗೆ ಬಂದರು. "ಈ ಕೋಚ್‌ನ ಮೊದಲು ಮನೆಗೆ ಕಳಿಸಬೇಕು. ಮಿಷಿಗನ್‌ಗೆ ಸತತ ನಾಲ್ಕು ಸಲ ಸೋಲು! ಫೇಲ್ ಅಂದ್ರೆ ಫೇಲ್."

ಮಗಳಿಗೆ ಹನ್ನೊಂದು ವರ್ಷ. ಡೊಳ್ಳು ಕಟ್ಟಿಕೊಂಡು ಪಕ್ಕದಲ್ಲೇ ನಿಂತಿದ್ದಳು. "ಕೋಚ್ ರಯಾನ್ ಡೇ ಒಟ್ಟು ಎಷ್ಟು ಗೆದ್ದಿದ್ದಾರೆ?" ಅಂತ ಕೇಳಿದಳು. 66 ಗೆಲುವು, 10 ಸೋಲು ಅಂದೆ. ಸ್ವಲ್ಪ ಹೊತ್ತು ಮನಸ್ಸಿನಲ್ಲೇ ಲೆಕ್ಕ ಹಾಕಿದಳು.

"ನೂರಕ್ಕೆ ಎಂಬತ್ತೇಳು. ನನಗೆ ಎಂಬತ್ತೇಳು ಬಂದಾಗಲೂ ನೀವು ಹೋದ ಹದಿಮೂರನ್ನೇ ಕೇಳ್ತೀರ, ಅಪ್ಪಾ."

ಅಷ್ಟು ಹೇಳಿ ವೇದಿಕೆಗೆ ಹೋದಳು. ಡೊಳ್ಳು ಶುರುವಾಯಿತು.

ಕೊಲಂಬಸ್‌ನಲ್ಲಿ ಇರುವ ನಿಮಗೆ ಈ ಪಂದ್ಯ ಏನು ಅಂತ ಹೇಳಬೇಕಿಲ್ಲ. ಆ ವಾರ ಕ್ಯಾಂಪಸ್ಸಿನ ಬೋರ್ಡುಗಳಲ್ಲಿ ಎಮ್ ಅಕ್ಷರದ ಮೇಲೆಲ್ಲ ಕೆಂಪು ಟೇಪಿನ ಗೀಟು. ಮಿಷಿಗನ್‌ನ ಸೋಲಿಸಿದರೆ ಪ್ರತಿ ಆಟಗಾರನಿಗೂ ಚಿನ್ನದ ಪುಟಾಣಿ ಪ್ಯಾಂಟ್ ಕೊಡುವ ಪದ್ಧತಿ 1934ರಿಂದ ಇದೆ. ಕೊರಳಿಗೆ ಕಟ್ಟುವ ತಾಯಿತದಷ್ಟು ಚಿಕ್ಕದು. ಉಳಿದ ಶನಿವಾರಗಳೆಲ್ಲ ಒಂದು ತೂಕ, ಈ ಶನಿವಾರ ಒಂದೇ ಒಂದು ತೂಕ.

ಡೊಳ್ಳಿನ ಸದ್ದಿನ ನಡುವೆ ನನಗೆ 2000ದ ನವೆಂಬರ್ ನೆನಪಾಯಿತು. ನಾನು ಬಂದು ಎರಡೂವರೆ ತಿಂಗಳಾಗಿತ್ತು. ಲೇನ್ ಅವೆನ್ಯೂ ಹತ್ತಿರ ಹಳೇ ಮನೆಯಲ್ಲಿ ನಾವು ಮೂವರು. ಸ್ಟೇಡಿಯಂಗೆ ಹದಿನೈದು ನಿಮಿಷದ ನಡಿಗೆ. ಟಿಕೆಟ್‌ಗೆ ದುಡ್ಡಿಲ್ಲ. ಆ 18ನೇ ತಾರೀಖು ಒಲೆ ಮೇಲೆ ಉಪ್ಪಿಟ್ಟು, ಕಿಟಕಿ ಎರಡಿಂಚು ತೆರೆದಿತ್ತು. ಲಕ್ಷದ ಹತ್ತಿರ ಜನರ ಕೂಗು ಅಲೆಯ ಹಾಗೆ ಒಳಗೆ ಬರುತ್ತಿತ್ತು. ಕೂಗು ಎದ್ದರೆ ನಮ್ಮವರಿಗೆ ಪಾಯಿಂಟ್ ಅಂತ ತಿಳಿಯುತ್ತಿತ್ತು. ಆಮೇಲಾಮೇಲೆ ಕೂಗು ತೆಳುವಾಯಿತು, ಕೊನೆಗೆ ನಿಂತೇ ಹೋಯಿತು. ಮಿಷಿಗನ್‌ಗೆ 38-26ಕ್ಕೆ ಸೋತರು. ಸಂಜೆ ಎಲೆ ಗುಡಿಸುತ್ತಿದ್ದ ಪಕ್ಕದ ಮನೆಯ ಅಜ್ಜ ಪೊರಕೆ ಒರಗಿಸಿ, ಇನ್ನು ಕೋಚ್ ಜಾನ್ ಕೂಪರ್ ಹೋಗಲೇಬೇಕು ಅಂದರು. ನನಗೆ ಏನೂ ಗೊತ್ತಿರಲಿಲ್ಲ. ಅವರು ಎಷ್ಟು ಗೆದ್ದಿದ್ದಾರೆ ಅಂತ ಕೇಳಿದೆ. ಹದಿಮೂರು ಸೀಸನ್, 111 ಗೆಲುವು. ಮಿಷಿಗನ್ ಮೇಲೆ ಮಾತ್ರ ಎರಡು ಗೆಲುವು, ಒಂದು ಡ್ರಾ, ಹತ್ತು ಸೋಲು.

2001ರ ಜನವರಿ 1ರಂದು ಸೌತ್ ಕೆರೊಲೈನಾ ವಿರುದ್ಧ 24-7ಕ್ಕೆ ಸೋತರು. ಮರುದಿನವೇ ಕೂಪರ್ ಅವರನ್ನು ತೆಗೆದುಹಾಕಿದರು. ಆ ವಾರ ಕಾಲಿಂಗ್ ಕಾರ್ಡ್ ಕೆರೆದು ತಿಪಟೂರಿಗೆ ಫೋನ್ ಮಾಡಿದಾಗ ಅಪ್ಪನಿಗೆ ಇದನ್ನೇ ಹೇಳಿದೆ. ಅಪ್ಪ ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಲೆಕ್ಚರರ್. ಫುಟ್‌ಬಾಲ್ ಅಂದರೆ ಕಾಲಲ್ಲಿ ಒದೆಯುವ ಆಟ ಅಂತಲೇ ತಿಳಿದಿದ್ದರು. ಎಲ್ಲ ಕೇಳಿಸಿಕೊಂಡು, "ಕಾಲೇಜು ಅಂದೆಯಲ್ಲ. ಆ ಹುಡುಗರು ಪಾಸಾದ್ರಾ?" ಅಂದರು.

ಕಾರ್ಡಿನ ನಿಮಿಷ ಓಡುತ್ತಿತ್ತು. "ಅದಲ್ಲಪ್ಪ, ಇದು ಆಟ" ಅಂತ ಸಿಡುಕಿದೆ. ಆಮೇಲೆ ಪೇಪರ್ ನೋಡಿದರೆ, ಸೋಲಿನ ಜೊತೆಗೆ ಆಟಗಾರರ ಓದು ಮತ್ತು ಶಿಸ್ತು ಹದಗೆಟ್ಟಿದ್ದನ್ನೂ ಕಾರಣವಾಗಿ ಹೇಳಿದ್ದರು. ತಿಪಟೂರಿನಲ್ಲಿ ಕೂತವರು ಸರಿಯಾದ ಜಾಗಕ್ಕೇ ಬೆರಳಿಟ್ಟಿದ್ದರು. ಅಪ್ಪನ ಲೆಕ್ಕವೇ ಹಾಗೆ. ರಿಸಲ್ಟ್ ದಿನ ಪ್ರಿನ್ಸಿಪಾಲರು ಕರಿಹಲಗೆ ಮೇಲೆ ಶೇಕಡಾ ಎಷ್ಟು ಅಂತ ದೊಡ್ಡದಾಗಿ ಬರೆಯುತ್ತಿದ್ದರು. ಅಪ್ಪನ ಜೇಬಿನಲ್ಲಿ ಒಂದು ನೀಲಿ ಡೈರಿ ಇರುತ್ತಿತ್ತು. ಅದರಲ್ಲಿ ಫೇಲಾದವರ ಹೆಸರು, ಊರು. ಮುಂದಿನ ಭಾನುವಾರದಿಂದ ಅವರೆಲ್ಲ ನಮ್ಮ ಮನೆ ಜಗಲಿಯಲ್ಲಿ. ಅಮ್ಮ ಒಂದು ದೊಡ್ಡ ಪಾತ್ರೆ ಕಾಫಿ ಜಾಸ್ತಿ ಇಡುತ್ತಿದ್ದರು. ಆ ಡೈರಿ ಈಗ ನನ್ನ ಮೇಜಿನ ಮೇಲಿದೆ.

ರಯಾನ್ ಡೇ ಅವರ ಕಥೆ ನವೆಂಬರ್ 30ಕ್ಕೆ ನಿಲ್ಲಲಿಲ್ಲವಲ್ಲ. ಮೂರು ವಾರ ಬಿಟ್ಟು ಪ್ಲೇಆಫ್, ಅಂದರೆ ರಾಷ್ಟ್ರೀಯ ಪ್ರಶಸ್ತಿಯ ನಾಕೌಟ್ ಪಂದ್ಯಗಳು. ಟೆನೆಸಿ, ಆರೆಗನ್, ಟೆಕ್ಸಸ್ ಎಲ್ಲರನ್ನೂ ದಾಟಿದರು. ಜನವರಿ 20ಕ್ಕೆ ಅಟ್ಲಾಂಟಾದಲ್ಲಿ ನೋತ್ರ್ ಡೇಮ್ ಮೇಲೆ 34-23, ರಾಷ್ಟ್ರೀಯ ಚಾಂಪಿಯನ್. ಸಂಕ್ರಾಂತಿಯ ಎಳ್ಳು ಬೆಲ್ಲ ಡಬ್ಬಿಯಲ್ಲಿ ಇನ್ನೂ ಇತ್ತು, ಅದನ್ನೇ ಹಂಚಿಕೊಂಡು ನೋಡಿದೆವು. ನನಗೆ ಕಪ್‌ಗಿಂತ ಒಂದು ಆಟ ಮುಖ್ಯ ಅನ್ನಿಸಿತು. ಕೊನೆಯ ನಿಮಿಷಗಳು, 31-23. ಮೂರನೇ ಯತ್ನ, ಚೆಂಡು ಉಳಿಸಿಕೊಳ್ಳಲು ಹನ್ನೊಂದು ಗಜ ಬೇಕು. ಮಿಷಿಗನ್ ಎದುರು ಇದೇ ತಂಡ ಮತ್ತೆ ಮತ್ತೆ ಎದುರಾಳಿಗಳ ಗೋಡೆಗೇ ನುಗ್ಗಿ ತಲೆ ಚಚ್ಚಿಕೊಂಡಿತ್ತು. ಆ ರಾತ್ರಿ ಚೆಂಡನ್ನು ಮುಂದೆ ಓಡಿ ಹಿಡಿಯುವ ಜೆರೆಮಯಾ ಸ್ಮಿತ್‌ಗೆ ಎಸೆದರು. 56 ಗಜ. ಸೋಲಿನ ಮೇಲೆ ಕೂತು ಯೋಚನೆ ಮಾಡಿದವರು ಮಾತ್ರ ಹಾಗೆ ಆಡಿಸುತ್ತಾರೆ.

ನಮ್ಮ ದ್ರಾವಿಡ್ ಅವರನ್ನೇ ನೋಡಿ. 2023ರ ವಿಶ್ವಕಪ್‌ನಲ್ಲಿ ಸತತ ಹತ್ತು ಗೆದ್ದು ಅಹಮದಾಬಾದ್‌ನ ಫೈನಲ್ ಸೋತರು. ಮಾರನೇ ದಿನ ನಮ್ಮ ವಾಟ್ಸಾಪ್ ಗುಂಪಿನಲ್ಲೇ ಎಂಥೆಂಥ ಮಾತು ಬಂತು! 2024ರ ಜೂನ್ 29ಕ್ಕೆ ಬಾರ್ಬಡೋಸ್‌ನಲ್ಲಿ ಟಿ20 ಕಪ್ ಬಂತು. ಏಳು ತಿಂಗಳಲ್ಲಿ ಆ ಮನುಷ್ಯ ಏನು ಬದಲಾಗಿದ್ದರು?

ಎಲ್ಲಿಂದ ಶುರು ಮಾಡಿದರು ಅನ್ನುವುದನ್ನೂ ನೋಡಬೇಕು. ಡೇ ಅವರಿಗೆ ಹಿಂದಿನ ಕೋಚ್ ಅರ್ಬನ್ ಮೈಯರ್ ಕಟ್ಟಿದ ತಂಡ ಸಿಕ್ಕಿತು. ಪಕ್ಕದ ಇಂಡಿಯಾನಾ ವಿಶ್ವವಿದ್ಯಾಲಯದ ತಂಡ 2023ರಲ್ಲಿ ಗೆದ್ದದ್ದು ಮೂರು, ಸೋತದ್ದು ಒಂಬತ್ತು. ಕರ್ಟ್ ಸಿಗ್ನೆಟ್ಟಿ ಕೋಚ್ ಆಗಿ ಬಂದ ಮೊದಲ ವರ್ಷವೇ 11 ಗೆಲುವು. ನಮ್ಮವರು ಅವರನ್ನು 38-15ಕ್ಕೆ ಸೋಲಿಸಿದರು, ನಿಜ. ಹಾಗಂತ ಆ ವರ್ಷ ಜಾಸ್ತಿ ಕಟ್ಟಿದವರು ಯಾರು ಅಂತ ಕೇಳಿದರೆ ನಾನು ಸಿಗ್ನೆಟ್ಟಿ ಅಂತಲೇ ಹೇಳುತ್ತೇನೆ.

ಮಿಷಿಗನ್ ಸೋಲು ಸಣ್ಣದು ಅಂತ ನಾನು ಹೇಳುತ್ತಿಲ್ಲ. ಫೆಬ್ರವರಿಯಲ್ಲಿ ಡೇ ಅವರಿಗೆ ಏಳು ವರ್ಷದ ಹೊಸ ಒಪ್ಪಂದ ಆಗಿದೆ, ವರ್ಷಕ್ಕೆ 1.25 ಕೋಟಿ ಡಾಲರ್. ಆ ಸಂಬಳಕ್ಕೆ ಜನ ಗೆಲುವು ಕೇಳುವುದು ನ್ಯಾಯವೇ. 2021ರಲ್ಲಿ ಸೇರಿ ನಾಲ್ಕು ವರ್ಷ ಆಡಿದ ಹುಡುಗರು ಚಾಂಪಿಯನ್ ಉಂಗುರ ಹಾಕಿಕೊಂಡು ಹೊರಟರು. ಚಿನ್ನದ ಪ್ಯಾಂಟ್ ಒಂದೂ ಇಲ್ಲ. ಅದು ಅವರನ್ನು ಎಂದಿಗೂ ಚುಚ್ಚುತ್ತದೆ.

ಅಪ್ಪನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಮಾತ್ರ ಬೇರೆ ಕಡೆ. 2022ರ ಮಾರ್ಚ್‌ನಲ್ಲಿ ಹ್ಯಾರಿ ಮಿಲ್ಲರ್ ಅನ್ನುವ ನಮ್ಮ ತಂಡದ ಆಟಗಾರ ಆಟ ಬಿಟ್ಟ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿದ್ದ ಹುಡುಗ. ತನ್ನ ಜೀವ ತೆಗೆದುಕೊಳ್ಳುವ ಯೋಚನೆ ಬಂದಿತ್ತು, ಅದನ್ನು ಕೋಚ್ ಹತ್ತಿರ ಹೇಳಿಕೊಂಡೆ, ಅವರು ಕೂಡಲೇ ವೈದ್ಯರ ಹತ್ತಿರ ಕಳಿಸಿದರು ಅಂತ ಅವನೇ ಬರೆದ. ಡೇ ಚಿಕ್ಕವರಿದ್ದಾಗಲೇ ಅವರ ತಂದೆ ಆತ್ಮಹತ್ಯೆ ಮಾಡಿಕೊಂಡಿದ್ದರು. ಗಂಡ ಹೆಂಡತಿ ಸೇರಿ ಇಲ್ಲಿನ ನೇಷನ್‌ವೈಡ್ ಮಕ್ಕಳ ಆಸ್ಪತ್ರೆಯಲ್ಲಿ ಮಕ್ಕಳ ಮನಸ್ಸಿನ ಆರೋಗ್ಯಕ್ಕೆ ಒಂದು ನಿಧಿ ಇಟ್ಟಿದ್ದಾರೆ. ಆ ಹುಡುಗ ಬದುಕಿದ್ದಾನೆ. ಗೆಲುವು ಸೋಲಿನ ಪಟ್ಟಿಯಲ್ಲಿ ಇದಕ್ಕೆ ಕಾಲಮ್ ಇಲ್ಲ. ನನ್ನ ಲೆಕ್ಕದಲ್ಲಿ ಡೇ ಪಾಸು. 2025ರ ಈ ಯುಗಾದಿಯ ಹೊತ್ತಿಗೆ ಮಿಷಿಗನ್ ಪೇಪರ್ ಒಂದು ಬಾಕಿ.

ಇದನ್ನೆಲ್ಲ ಬರೆಯುವುದಕ್ಕೆ ಇನ್ನೊಂದು ಕಾರಣವೂ ಇದೆ. ಕಳೆದ ಸಭೆಯಲ್ಲಿ ನಮ್ಮ ಕನ್ನಡ ತರಗತಿಯ ಲೆಕ್ಕ ಓದಿದಾಗ, ಮಕ್ಕಳು ಇಪ್ಪತ್ತಾರರಿಂದ ಹದಿನಾಲ್ಕಕ್ಕೆ ಇಳಿದಿದ್ದಾರೆ, ತರಗತಿ ಸೋತಿದೆ ಅಂತ ಮಾತು ಬಂತು. ನಮ್ಮ ಟೀಚರ್ ಎದುರಿನ ಸಾಲಿನಲ್ಲೇ ಕೂತಿದ್ದರು. ನನಗೆ ತುಂಬಾ ಬೇಜಾರಾಯಿತು. ಅವರು ಒಂಬತ್ತು ವರ್ಷ ಭಾನುವಾರ ಬಿಟ್ಟುಕೊಟ್ಟವರು. ನನ್ನ ಮಗಳು ಹೋದ ತಿಂಗಳು ತಿಪಟೂರಿನ ಅಜ್ಜಿಗೆ ಒಂದೂವರೆ ಪುಟ ಕಾಗದ ಬರೆದಳು. ಒತ್ತಕ್ಷರ ನಾಲ್ಕು ಕಡೆ ತಪ್ಪಿದೆ. ಅಮ್ಮ ಅದನ್ನು ಅಪ್ಪನ ಫೋಟೋ ಮುಂದೆ ಇಟ್ಟಿದ್ದಾರಂತೆ. ಟೀಚರ್ ಜೂನ್‌ನಲ್ಲಿ ಊರಿಗೆ ವಾಪಸ್ ಹೋಗುತ್ತಿದ್ದಾರೆ. ಯುಗಾದಿ ಕಾರ್ಯಕ್ರಮಕ್ಕೆ ಬಂದಾಗ ದಯವಿಟ್ಟು ಅವರನ್ನು ಮಾತಾಡಿಸಿ.

ಜಾಗ ಮುಗಿಯುತ್ತಿದೆ, ಬೇಗ ಬೇಗ ಹೇಳಿಬಿಡುತ್ತೇನೆ. ಯುಗಾದಿ ಕಾರ್ಯಕ್ರಮ ಏಪ್ರಿಲ್ 5, ಶನಿವಾರ, ಮಧ್ಯಾಹ್ನ 3ಕ್ಕೆ, ಅದೇ ಶಾಲೆಯ ಸಭಾಂಗಣ. ಊಟಕ್ಕೆ ಹೆಸರು ಕೊಡಲು ಮಂಗಳವಾರ ಕೊನೆ. ಒಬ್ಬಟ್ಟು ತಟ್ಟುವುದಕ್ಕೆ ಆರು ಜನ ಬೇಕು, ಇಬ್ಬರು ಸಿಕ್ಕಿದ್ದಾರೆ. ಮಕ್ಕಳ ನಾಟಕದ ತಾಲೀಮು ಈ ಶುಕ್ರವಾರ ಸಂಜೆ. ಬೇಸಿಗೆ ಪಿಕ್‌ನಿಕ್ ತಾರೀಖು ಇನ್ನೂ ಗೊತ್ತಾಗಿಲ್ಲ. ಸದಸ್ಯತ್ವ ನವೀಕರಣ ಬಾಕಿ ಇರುವವರು ಬಾಗಿಲಲ್ಲೇ ಕಟ್ಟಬಹುದು.

ಜೂನ್ ನಂತರ ತರಗತಿ ನಡೆಸಲು ಯಾರಾದರೂ ಬೇಕು. ವಾರಕ್ಕೆ ಒಂದು ಗಂಟೆ. ಪಾಠದ ಪುಸ್ತಕ, ಹಾಳೆ ಎಲ್ಲ ಟೀಚರ್ ಜೋಡಿಸಿಟ್ಟಿದ್ದಾರೆ. ಈ ಸುದ್ದಿಪತ್ರಕ್ಕೂ ಇನ್ನೊಂದು ಜೊತೆ ಕೈ ಬೇಕು, ಒಬ್ಬನೇ ಮಾಡಲು ಆಗುತ್ತಿಲ್ಲ. ಒಬ್ಬರು ಮುಂದೆ ಬಂದರೂ ಸಾಕು.

ಮತ್ತೆ, ಈ ವರ್ಷದ ರಾಜ್ಯೋತ್ಸವಕ್ಕೆ ಸಭಾಂಗಣ ಈಗಲೇ ಹಿಡಿದಿದ್ದೇವೆ. ನವೆಂಬರ್ 8. ಮಿಷಿಗನ್ ಪಂದ್ಯ 29ಕ್ಕೆ, ಅವರ ಊರಿನಲ್ಲಿ.